ಸಾಂತಿಯಾನಾದಿಂದ ಕಾಸೆರೆಸ್‌ಗೆ ಕ್ಯಾಂಪರ್ ವ್ಯಾನ್: ಸ್ಪೇನಿನ ಒಳನಾಡಿನ 550 ಕಿ.ಮೀ. ಒಂದೇ ದಿನದಲ್ಲಿ ಮುಗಿಸಬಹುದಾ?

ಧಾರವಾಡದವ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಜೂನ್ ಮಧ್ಯದಲ್ಲಿ ಬಾಡಿಗೆಯ ಕ್ಯಾಂಪರ್ ವ್ಯಾನ್ ತೆಗೆದುಕೊಂಡು ಸ್ಪೇನ್‌ಗೆ ಹೊರಟಿದ್ದೇವೆ. ನಾನು, ಮನೆಯವಳು, ಮಗಳು, ಜೊತೆಗೆ ಊರಿನಿಂದ ಬಂದಿರುವ ಅಪ್ಪ ಅವ್ವ. ಎಲ್ಲರ ವೀಸಾ ಕೈಗೆ ಬಂದಿದೆ. ಪೋರ್ಟ್ಸ್‌ಮತ್‌ನಿಂದ ಹಡಗಿನಲ್ಲಿ ಸಾಂತಾಂದೇರ್, ಅಲ್ಲಿಂದ ಹತ್ತಿರದಲ್ಲೇ ಇರುವ ಸಾಂತಿಯಾನಾ ದೆಲ್ ಮಾರ್‌ನಲ್ಲಿ ಮೊದಲ ಕ್ಯಾಂಪ್‌ಸೈಟ್. ಆದಿಮಾನವರ ಚಿತ್ರಗಳಿರುವ ಆಲ್ತಮೀರಾ ಗುಹೆಯ ಪ್ರತಿಕೃತಿ ಅಲ್ಲೇ ಇದೆ, ಮಗಳಿಗೆ ಅದನ್ನು ತೋರಿಸಬೇಕು. ಅದಾದ ಮೇಲೆ ದಕ್ಷಿಣಕ್ಕೆ ಎಸ್ತ್ರೆಮಾದುರಾ ಪ್ರಾಂತ್ಯದ ಕಾಸೆರೆಸ್. ಅಲ್ಲಿ ಪ್ರತಿ ಜಾಗಕ್ಕೂ ಸ್ವಂತ ಬಚ್ಚಲುಮನೆ ಇರುವ ಕ್ಯಾಂಪ್‌ಸೈಟ್ ಇದೆ. ಅಪ್ಪನಿಗೆ ಮಂಡಿನೋವು, ಅದಕ್ಕೇ ಅದನ್ನು ಹುಡುಕಿ ಬುಕ್ ಮಾಡಿದೆ.

ಪ್ರಶ್ನೆ ಇರುವುದು ಇವೆರಡರ ನಡುವಿನ ದಾರಿ ಬಗ್ಗೆ. ಮ್ಯಾಪ್ ಪ್ರಕಾರ 550 ಕಿ.ಮೀ. ಆಸುಪಾಸು, ಐದೂವರೆ ಗಂಟೆ. ಮನೆಯವಳು ಬೆಳಿಗ್ಗೆ ಹೊರಟು ಸಂಜೆ ಮುಟ್ಟೋಣ ಅನ್ನುತ್ತಾಳೆ. ನನಗೆ ಮಧ್ಯದಲ್ಲಿ ಒಂದು ರಾತ್ರಿ ನಿಲ್ಲುವ ಮನಸ್ಸು. ಆದರೆ ಎಲ್ಲಿ ನಿಲ್ಲಬೇಕು, ಅಲ್ಲಿ ಏನಿದೆ, ಗೊತ್ತಿಲ್ಲ. ಸ್ಪೇನ್ ಅಂದರೆ ಎಲ್ಲರೂ ಬಾರ್ಸಿಲೋನಾ, ಸಮುದ್ರತೀರದ ಬಗ್ಗೆಯೇ ಬರೆಯುತ್ತಾರೆ. ಒಳನಾಡಿನ ಬಗ್ಗೆ ಕನ್ನಡದಲ್ಲಿ ಏನೂ ಸಿಗಲಿಲ್ಲ. ಈ ದಾರಿಯಲ್ಲಿ ಓಡಾಡಿದವರು ಹೇಳಿ.

ಹಾಸನದ_ಚಾಲಕ:

ನಮಸ್ಕಾರ ಸರ್. ನಾನು ಬ್ರಿಸ್ಟಲ್‌ನಲ್ಲಿದ್ದೇನೆ, ಈ ದಾರಿಯಲ್ಲಿ ಹೋಗಿಬಂದವನು. ಒಂದೇ ದಿನಕ್ಕೆ ಆಗುತ್ತದೆ, ಚಿಂತೆ ಬೇಡ. ಎ-67, ಎ-62, ಎ-66, ಮೂರೂ ಒಳ್ಳೆಯ ಡಬಲ್ ರಸ್ತೆಗಳು. ಹೆಸರು ‘ಎ’ ಇಂದ ಶುರುವಾದರೆ ಟೋಲ್ ಇಲ್ಲ ಅಂತ ಇಟ್ಟುಕೊಳ್ಳಿ. ಟೋಲ್ ಇರಬಹುದಾದದ್ದು ‘ಎಪಿ’ ರಸ್ತೆಗಳಿಗೆ. ಅವುಗಳಲ್ಲೂ ಹಲವು ಈಗ ಉಚಿತ ಆಗಿವೆ. ಇಂಗ್ಲೆಂಡಿನ ಮೋಟಾರ್‌ವೇಗಳಲ್ಲಿ ಸಾಲುಗಟ್ಟಿ ನಿಂತು ಬಂದವರಿಗೆ ಈ ರಸ್ತೆಗಳನ್ನು ನೋಡಿದರೆ ಖುಷಿಯಾಗುತ್ತದೆ. ಕೆಲವು ಕಡೆ ಎಷ್ಟೋ ಹೊತ್ತು ಮುಂದೆ ಹಿಂದೆ ಒಂದೂ ಗಾಡಿ ಇರುವುದಿಲ್ಲ.

ಇಬ್ಬರು ಡ್ರೈವರ್ ಇದ್ದು, ಎರಡು ಗಂಟೆಗೊಮ್ಮೆ ಅದಲುಬದಲು ಮಾಡಿಕೊಂಡರೆ ಆರಾಮ. ಬೆಳಿಗ್ಗೆ ಬೇಗ ಬಿಡಿ, ಸಂಜೆ ಕಾಸೆರೆಸ್‌ನಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತೀರಿ. ದಾರಿಯಲ್ಲಿ ಉಳಿಸಿದ ಒಂದು ದಿನ ಅಲ್ಲಿ ಜಾಸ್ತಿ ಸಿಗುತ್ತದೆ. ಒಂದು ರಾತ್ರಿಗಾಗಿ ವ್ಯಾನ್ ಬಿಚ್ಚಿ ಕಟ್ಟುವುದು, ಕರೆಂಟ್ ಎಳೆಯುವುದು, ನೀರು ತುಂಬುವುದು, ಬೆಳಿಗ್ಗೆ ಎದ್ದು ಮತ್ತೆ ಅದೇ ಕೆಲಸ. ವಯಸ್ಸಾದವರಿಗೆ ಒಂದೇ ಕಡೆ ಎರಡು ಮೂರು ರಾತ್ರಿ ಇರುವುದೇ ಸುಖ.

ದಾರಿಹೋಕ:

ಧಾರವಾಡದ ಸರ್, ನಾನು ವಯಾದೊಲೀದ್‌ನಲ್ಲಿ ಕೆಲಸದಲ್ಲಿದ್ದೇನೆ. ನೀವು ಹೋಗುವ ದಾರಿ ನಮ್ಮೂರ ಪಕ್ಕದಲ್ಲೇ ಹಾದು ಹೋಗುತ್ತದೆ. ಹಾಸನದವರು ರಸ್ತೆ ಬಗ್ಗೆ ಹೇಳಿದ್ದು ಪೂರ್ತಿ ನಿಜ. ಆದರೂ ನಾನು ಒಂದೇ ದಿನದಲ್ಲಿ ಹೋಗಬೇಡಿ ಅನ್ನುತ್ತೇನೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಲೆಕ್ಕ. ಆ ಐದೂವರೆ ಗಂಟೆ ಗಂಟೆಗೆ 120ರಲ್ಲಿ ಓಡುವ ಕಾರಿನದು. ಮೂರೂವರೆ ಟನ್ ಒಳಗಿನ ಕ್ಯಾಂಪರ್‌ಗೂ ಅಷ್ಟೇ ಮಿತಿ ಇದೆ, ಆದರೆ ತುಂಬಿದ ಗಾಡಿಯನ್ನು ಯಾರೂ ದಿನವಿಡೀ ಹಾಗೆ ಓಡಿಸುವುದಿಲ್ಲ. 95, 100ರಲ್ಲಿ ಹೋಗುತ್ತೀರಿ. ಡೀಸೆಲ್, ಊಟ, ಅಪ್ಪ ಅವ್ವ ಇಳಿದು ಕಾಲಾಡಿಸುವುದು, ಮಗುವಿನ ಹೊಟ್ಟೆ, ಎಲ್ಲಾ ಸೇರಿದರೆ ಒಂಬತ್ತು ಹತ್ತು ಗಂಟೆ. ಬೆಳಿಗ್ಗೆ ಎಂಟಕ್ಕೆ ಬಿಟ್ಟರೂ ಸಂಜೆ ಐದು ಆರಕ್ಕೆ ಎಸ್ತ್ರೆಮಾದುರಾದಲ್ಲಿರುತ್ತೀರಿ. ಅಲ್ಲಿ ದಿನದ ಅತಿ ಜಾಸ್ತಿ ಬಿಸಿಲು ಇರುವುದೇ ಆ ಹೊತ್ತಿಗೆ.

ಹೊಸಬರಿಗೆ ಇದು ತಿಳಿದಿರುವುದಿಲ್ಲ. ಸ್ಪೇನ್ ಭೂಪಟದಲ್ಲಿ ಇಂಗ್ಲೆಂಡಿನ ನೇರಕ್ಕೇ ಇದ್ದರೂ ಗಡಿಯಾರ ಜರ್ಮನಿಯದು. ಬೇಸಿಗೆಯಲ್ಲಿ ಇನ್ನೊಂದು ಗಂಟೆ ಮುಂದಿಟ್ಟಿರುತ್ತಾರೆ. ಕಾಸೆರೆಸ್ ದೇಶದ ಪಶ್ಚಿಮ ಅಂಚಿನಲ್ಲಿದೆ. ಹಾಗಾಗಿ ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹತ್ತಿರ. ನೆತ್ತಿಯ ಮೇಲೆ ಬರುವುದು ಮಧ್ಯಾಹ್ನ ಎರಡೂವರೆಗೆ. ನೆಲ ಕಾದು ತಾಪ ಏರುವುದು ಐದರ ಮೇಲೆ. ಜೂನ್‌ನಲ್ಲಿ 35 ಡಿಗ್ರಿ ದಾಟುವುದು ಅಲ್ಲಿ ಹೊಸದಲ್ಲ. ಹೆಚ್ಚಿನ ಕ್ಯಾಂಪರ್‌ಗಳಲ್ಲಿ ಎಂಜಿನ್‌ನ ಏಸಿ ಮುಂದೆ ಕೂತವರಿಗೆ ಮಾತ್ರ ತಾಗುತ್ತದೆ. ಹಿಂದಿನ ಸೀಟಿನಲ್ಲಿ ಕೂರುವವರು ಯಾರು? ನಿಮ್ಮ ಅಪ್ಪ ಅವ್ವ.

ಈಗ ದಾರಿ. ತೊರೆಲಾವೇಗಾದಿಂದ ಎ-67 ಬೆಸಾಯಾ ಕಣಿವೆಯಲ್ಲಿ ಏರುತ್ತದೆ. ಸುರಂಗ, ಎತ್ತರದ ಸೇತುವೆ, ಎರಡೂ ಕಡೆ ಹಸಿರು ಬೆಟ್ಟ. ಮೊಂತಾಬ್ಲಿಜ್ ಸೇತುವೆ ಕಣಿವೆಯ ತಳದಿಂದ ಸುಮಾರು 145 ಮೀಟರ್ ಮೇಲಿದೆ. ಅಲ್ಲಿ ಅಡ್ಡಗಾಳಿ ಬೀಸಿದರೆ ಎತ್ತರದ ಗಾಡಿ ಅಲುಗುತ್ತದೆ, ಸ್ಟೀರಿಂಗ್ ಬಿಗಿ ಹಿಡಿಯಿರಿ. ರೈನೋಸಾ ಆದ ಮೇಲೆ ಪೊಸಾಸಾಲ್ ಕಣಿವೆದಾರಿ, 987 ಮೀಟರ್. ಸಮುದ್ರದಿಂದ ಹೊರಟು ಒಂದು ಗಂಟೆಯೊಳಗೆ ಅಲ್ಲಿಗೆ ಹತ್ತಿರುತ್ತೀರಿ. ಅದನ್ನು ದಾಟಿದ ಕೂಡಲೇ ಮೋಡ ಹಿಂದೆಯೇ ಉಳಿಯುತ್ತದೆ, ಹಸಿರು ಮುಗಿಯುತ್ತದೆ, ಆಕಾಶ ದೊಡ್ಡದಾಗುತ್ತದೆ. ಮೆಸೆತಾ ಅನ್ನುವ ಪ್ರಸ್ಥಭೂಮಿ ಶುರು.

ಇಲ್ಲಿಂದ ಮುಂದೆ ಏನೂ ಇಲ್ಲ ಅಂತ ಬಹಳ ಜನ ಗಾಡಿ ಓಡಿಸಿಬಿಡುತ್ತಾರೆ. ನನಗೆ ಇದು ನಿಜಕ್ಕೂ ಬೇಸರ ತರುತ್ತದೆ. ಅಗಿಲಾರ್ ದೆ ಕಂಪೂ ಬಿಸ್ಕತ್ತಿನ ಊರು, ಇಡೀ ದೇಶಕ್ಕೆ ಬಿಸ್ಕತ್ತು ಹೋಗುವುದು ಇಲ್ಲಿನ ಕಾರ್ಖಾನೆಗಳಿಂದ. ಅಲ್ಲಿಂದ ಒಂದು ಗಂಟೆಯೊಳಗೆ ಫ್ರೋಮಿಸ್ತಾ. ಅದರ ಸಾನ್ ಮಾರ್ತಿನ್ ಇಗರ್ಜಿ 11ನೇ ಶತಮಾನದ್ದು. ಚಿಕ್ಕದು, ಹೊರಗೆ ಸೂರಿನ ಕೆಳಗೆ ನೂರಾರು ಪುಟ್ಟ ಕಲ್ಲಿನ ಮುಖಗಳು, ಪ್ರಾಣಿಗಳು. ಸಾಂತಿಯಾಗೋ ಕ್ಷೇತ್ರಕ್ಕೆ ನಡೆದು ಹೋಗುವ ಯಾತ್ರಿಗಳು ಚೀಲ ಹೊತ್ತು ಅದೇ ಬೀದಿಯಲ್ಲಿ ಹೋಗುತ್ತಿರುತ್ತಾರೆ. ಊರ ಅಂಚಿನಲ್ಲಿ ಕಸ್ತೀಯಾ ಕಾಲುವೆಯ, ದೋಣಿ ಏರಿಸಿ ಇಳಿಸುವ ನಾಲ್ಕು ತೂಬುಗಳು (ಲಾಕ್) ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತವೆ. ಈ ಬಯಲಿನ ಗೋಧಿಯನ್ನು ಸಮುದ್ರಕ್ಕೆ ಸಾಗಿಸಬೇಕು ಅಂತ 1753ರಲ್ಲಿ ತೋಡಲು ಶುರುಮಾಡಿದ ಕಾಲುವೆ ಅದು. 207 ಕಿ.ಮೀ. ತೋಡಿ 1849ರಲ್ಲಿ ನಿಲ್ಲಿಸಿದರು. ಬೆಟ್ಟ ದಾಟಿ ಸಮುದ್ರ ಮುಟ್ಟಲೇ ಇಲ್ಲ. ಅಷ್ಟರಲ್ಲಿ ರೈಲು ಬಂತು. ನೀವು ಬೆಳಿಗ್ಗೆ ಗಾಡಿಯಲ್ಲಿ ಹತ್ತಿ ಬಂದ ಬೆಟ್ಟವೇ ಆ ಕಾಲುವೆಯನ್ನು ತಡೆದದ್ದು. ಮಗಳಿಗೆ ಇದನ್ನು ಅಲ್ಲೇ ನಿಂತು ಹೇಳಿ. ಚೆನ್ನಾಗಿ ಅರ್ಥವಾಗುತ್ತದೆ.

ರಾತ್ರಿಗೆ ತೊರ್ದೆಸಿಯಾಸ್. ಸರಿಯಾಗಿ ಅರ್ಧ ದಾರಿ, ಸಾಂತಿಯಾನಾದಿಂದ ಸುಮಾರು 270 ಕಿ.ಮೀ. ದುಎರೋ ನದಿಯ ಒಂದು ದಡದಲ್ಲಿ ಊರು, ಎದುರು ದಡದಲ್ಲಿ ಕ್ಯಾಂಪ್‌ಸೈಟ್. ಎಲ್ ಅಸ್ತ್ರಾಲ್ ಅಂತ ಹೆಸರು. ಮರದ ನೆರಳಿದೆ. ಹಳೆಯ ಕಲ್ಲಿನ ಸೇತುವೆ ಮೇಲೆ ನಡೆದು ಊರಿಗೆ ಹೋಗಬಹುದು. 700 ಮೀಟರ್ ಎತ್ತರದ ಜಾಗ, ಜೂನ್‌ನಲ್ಲೂ ರಾತ್ರಿ ಸ್ವೆಟರ್ ಬೇಕಾಗುತ್ತದೆ. ಆ ತಂಪಿನಲ್ಲಿ ಮಲಗಿ ಎದ್ದು ಬೆಳಿಗ್ಗೆ ಹೊರಟರೆ ಎಸ್ತ್ರೆಮಾದುರಾದ ಬಿಸಿಲಿಗೆ ಮುಂಚೆ ಕಾಸೆರೆಸ್ ಮುಟ್ಟುತ್ತೀರಿ.

ಸುಂಕಕಟ್ಟೆ_ಸುತ್ತಾಟ:

ಒಳ್ಳೆಯ ಮಾಹಿತಿ ಸರ್, ಸೇವ್ ಮಾಡಿಕೊಂಡೆ. ನಾವು ಜರ್ಮನಿಯಿಂದ ಬರುವವರು. ಫ್ರಾನ್ಸ್ ದಾಟಿ ಇರೂನ್ ಗಡಿಯಿಂದ ಇದೇ ದಾರಿಗೆ ಹೇಗೆ ಸೇರಬೇಕು?

ದಾರಿಹೋಕ:

ವಿತೋರಿಯಾ, ಬುರ್ಗೋಸ್ ಮೇಲೆ ಬನ್ನಿ. ಬುರ್ಗೋಸ್ ಕಡೆಯ ಎಪಿ-1 ರಸ್ತೆಗೆ 2018ರ ಕೊನೆಯಿಂದ ಟೋಲ್ ಇಲ್ಲ. ಬುರ್ಗೋಸ್‌ನಿಂದ ಎ-62 ನೇರ ತೊರ್ದೆಸಿಯಾಸ್‌ಗೆ. ಆಗಸ್ಟ್ ಮೊದಲ ವಾರ ಮಾತ್ರ ಬೇಡ. ಫ್ರಾನ್ಸ್‌ನಲ್ಲಿ ದುಡಿಯುವ ಪೋರ್ಚುಗೀಸರು ರಜೆಗೆ ಊರಿಗೆ ಹೋಗುವುದು ಇದೇ ರಸ್ತೆಯಲ್ಲಿ. ಮೇಲಿಂದ ಲಾರಿಗಳೂ ಇರುತ್ತವೆ.

ಕುಂದಾಪ್ರದವಳು:

ತೊರ್ದೆಸಿಯಾಸ್ ಅಂದ ಕೂಡಲೇ ಕಣ್ಣು ಅರಳಿತು! ನಾನು ಇತಿಹಾಸ ಓದಿದವಳು. 1494ರ ಜೂನ್ 7ರಂದು ಸ್ಪೇನ್, ಪೋರ್ಚುಗಲ್ ಎರಡೂ ಸೇರಿ ಜಗತ್ತನ್ನೇ ಹಂಚಿಕೊಂಡ ಒಪ್ಪಂದ ಆದದ್ದು ಆ ಊರಿನಲ್ಲೇ. ಅಟ್ಲಾಂಟಿಕ್ ಮಧ್ಯೆ, ಕೇಪ್ ವರ್ಡ್ ದ್ವೀಪಗಳಿಂದ 370 ಲೀಗ್ (ಆಗಿನ ದೂರದ ಅಳತೆ) ಪಶ್ಚಿಮಕ್ಕೆ ಒಂದು ಗೆರೆ ಎಳೆದರು. ಆ ಕಡೆಯದು ಸ್ಪೇನಿಗೆ, ಈ ಕಡೆಯದು ಪೋರ್ಚುಗಲ್‌ಗೆ. ನಮ್ಮ ಕಡಲು ಪೋರ್ಚುಗಲ್ ಪಾಲಿಗೆ ಬಿತ್ತು. ನಮ್ಮವರನ್ನು ಯಾರೂ ಕೇಳಲಿಲ್ಲ. ನಾಲ್ಕೇ ವರ್ಷಕ್ಕೆ ವಾಸ್ಕೊ ಡ ಗಾಮ ಬಂದ. 1510ರಲ್ಲಿ ಗೋವಾ ಹೋಯಿತು. ಹೊನ್ನಾವರ, ಬಸ್ರೂರು, ಮಂಗಳೂರಲ್ಲಿ ಅವರ ಕೋಟೆ ಎದ್ದವು. ಉಳ್ಳಾಲದ ರಾಣಿ ಅಬ್ಬಕ್ಕ ಕತ್ತಿ ಹಿಡಿದು ನಿಂತದ್ದು ಇವರ ಮುಂದೆಯೇ.

ಒಪ್ಪಂದದ ಮಾತುಕತೆ ನಡೆದ ಮನೆಗಳು ಈಗ ಮ್ಯೂಸಿಯಂ ಆಗಿವೆ ಅಂತ ಓದಿದ್ದೇನೆ. ಧಾರವಾಡದವರೇ, ಅಪ್ಪನನ್ನು ಅಲ್ಲಿಗೆ ಖಂಡಿತ ಕರೆದುಕೊಂಡು ಹೋಗಿ. ಬಸ್ರೂರು ಪೇಟೆ ಏನಾಗಬೇಕು ಅಂತ ನಿರ್ಧರಿಸಿದ ಜಾಗದಲ್ಲಿ ಕನ್ನಡದವರು ಒಮ್ಮೆ ನಿಂತು ಬರಬೇಕು. ಸುಮ್ನೆ ರಾತ್ರಿ ಮಲಗಿ ಹೋಗುವ ಊರಲ್ಲ ಅದು.

ದಾರಿಹೋಕ:

ಹೌದು ಅಕ್ಕಾ, ಕಾಸಾಸ್ ದೆಲ್ ತ್ರತಾದೋ ಅಂತ ಇದೆ, ನದಿಯ ಮೇಲಿನ ಏರಿನಲ್ಲಿ. ಪಕ್ಕದಲ್ಲೇ ಸಾಂತಾ ಕ್ಲಾರಾ ಮಠ. ಹುವಾನಾ ರಾಣಿಯನ್ನು 1509ರಿಂದ ಸಾಯುವವರೆಗೆ, ಅಂದರೆ 1555ರವರೆಗೆ, ಕೂಡಿಟ್ಟಿದ್ದೂ ಇದೇ ಊರಿನಲ್ಲಿ. ಹೆಸರಿಗೆ ಅವಳೇ ರಾಣಿ. ಮೊದಲು ಅಪ್ಪ, ಆಮೇಲೆ ಮಗ ಆಳಿದರು.

ಧಾರವಾಡದವ:

ಎಲ್ಲರಿಗೂ ಧನ್ಯವಾದ. ಕುಂದಾಪುರದ ಮೇಡಂ ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ನಿವೃತ್ತ ಮೇಷ್ಟ್ರು. ಆಗಲೇ ಮೊಮ್ಮಗಳನ್ನು ಕೂರಿಸಿಕೊಂಡು ಅಟ್ಲಾಸ್ ತೆಗೆದಿದ್ದಾರೆ. ತೊರ್ದೆಸಿಯಾಸ್‌ನಲ್ಲಿ ನಿಲ್ಲುವುದು ಖಾತ್ರಿ.

ಅವ್ವನ ಚಿಂತೆ ಊಟದ್ದು. ನಾವು ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಒಳನಾಡಿನಲ್ಲಿ ಹಂದಿಮಾಂಸ ಇಲ್ಲದ ಊಟವೇ ಇಲ್ಲ ಅಂತ ಯಾರೋ ಹೆದರಿಸಿದ್ದಾರೆ. ಇಂಡಕ್ಷನ್ ಒಲೆ, ಕುಕ್ಕರ್, ಎರಡು ಕೆಜಿ ತುಪ್ಪ ಕಟ್ಟಿಟ್ಟಿದ್ದಾಳೆ. ಇದೆಲ್ಲ ನಡೆಯುತ್ತದಾ?

ಒಗ್ಗರಣೆ_ಡಬ್ಬಿ:

ಅಮ್ಮನವರಿಗೆ ನಮಸ್ಕಾರ ಹೇಳಿ. ತುಪ್ಪ ಬೇಡ! ಬ್ರೆಕ್ಸಿಟ್ ಆದ ಮೇಲೆ ಇಂಗ್ಲೆಂಡಿನಿಂದ ಯುರೋಪಿಯನ್ ಒಕ್ಕೂಟದ ಒಳಗೆ ಹಾಲು, ಮಾಂಸದ ಪದಾರ್ಥ ಒಯ್ಯುವ ಹಾಗಿಲ್ಲ. ಮೊಸರು, ಪನೀರ್, ತುಪ್ಪ ಎಲ್ಲಾ ಅದರಲ್ಲೇ ಬರುತ್ತದೆ. ಬಂದರಿನಲ್ಲಿ ತಪಾಸಣೆ ಮಾಡಿದರೆ ಕಸದ ಡಬ್ಬಿಗೆ ಹೋಗುತ್ತದೆ. ಸ್ಪೇನಿನಲ್ಲಿ ಉಪ್ಪಿಲ್ಲದ ಬೆಣ್ಣೆ ಎಲ್ಲಾ ಸೂಪರ್‌ಮಾರ್ಕೆಟ್‌ನಲ್ಲೂ ಇದೆ. ಮೊದಲ ಕ್ಯಾಂಪ್‌ಸೈಟ್‌ನಲ್ಲೇ ಕಾಯಿಸಿಕೊಳ್ಳಲಿ. ಅಕ್ಕಿ, ಬೇಳೆ, ಸಾರಿನಪುಡಿ, ಚಟ್ನಿಪುಡಿ, ಅವಲಕ್ಕಿ ಧಾರಾಳ ಒಯ್ಯಬಹುದು. ಮೊಸರಿಗೆ ಅಲ್ಲಿನ ‘ಯೋಗುರ್ ನತುರಾಲ್’ ಚೆನ್ನಾಗಿದೆ.

ಇಂಡಕ್ಷನ್ ಒಲೆ ಬಗ್ಗೆ. ಕ್ಯಾಂಪ್‌ಸೈಟ್ ಬುಕ್ ಮಾಡುವಾಗ ಎಷ್ಟು ಆಂಪಿಯರ್ ಅಂತ ನೋಡಿ. 6 ಆಂಪಿಯರ್ ಅಂದರೆ 1,380 ವಾಟ್‌ವರೆಗೆ ಮಾತ್ರ. 2,000 ವಾಟ್ ಒಲೆ ಪೂರ್ತಿ ಏರಿಸಿದರೆ ಕರೆಂಟ್ ಕಂಬದ ಸ್ವಿಚ್ ಬಿದ್ದುಹೋಗುತ್ತದೆ, ಫ್ರಿಜ್ಜೂ ಆರುತ್ತದೆ. ಒಲೆಯನ್ನು 1,000ಕ್ಕೆ ಇಳಿಸಿ, ಆ ಹೊತ್ತಿಗೆ ಬೇರೆ ಏನೂ ಹಚ್ಚಬೇಡಿ. 10 ಆಂಪಿಯರ್ ಇದ್ದರೆ ಆರಾಮ. ಕುಕ್ಕರ್‌ಗೆ ವ್ಯಾನಿನ ಗ್ಯಾಸ್ ಒಲೆಯೇ ವಾಸಿ. ಆದರೆ ಇಂಗ್ಲೆಂಡಿನ ಸಿಲಿಂಡರ್ ಖಾಲಿಯಾದರೆ ಸ್ಪೇನಿನಲ್ಲಿ ಬದಲಿಸಿ ಕೊಡುವುದಿಲ್ಲ. ಹೊರಡುವಾಗಲೇ ತುಂಬಿದ್ದನ್ನು ಕೇಳಿ ತೆಗೆದುಕೊಳ್ಳಿ. ಹಡಗಿನಲ್ಲಿ ಗ್ಯಾಸ್ ಪೂರ್ತಿ ಬಂದ್ ಮಾಡಿರಬೇಕು.

ಹೊರಗಿನ ಊಟ: ‘ವೆಜಿಟೇರಿಯನ್’ ಅಂತ ಒಂದು ಮಾತು ಹೇಳಿದರೆ ಸಾಲದು. ಹ್ಯಾಮ್ ಬೇಡ, ಟ್ಯೂನಾ ಮೀನು ಬೇಡ, ಮೊಟ್ಟೆ ಬೇಡ ಅಂತ ಬಿಡಿಸಿ ಹೇಳಿ. ಸಲಾಡ್ ಮೇಲೆ ಟ್ಯೂನಾ, ಬೇಳೆಯ ಸಾರಿನಲ್ಲಿ ಚೊರೀಸೋ (ಹಂದಿಮಾಂಸದ ಸಾಸೇಜ್), ತಣ್ಣನೆ ಟೊಮೆಟೊ ಸಾಲ್ಮೊರೇಹೋ ಮೇಲೆ ಮೊಟ್ಟೆ, ಹ್ಯಾಮ್ ಉದುರಿಸಿ ಕೊಡುವುದು ಅಲ್ಲಿ ಮಾಮೂಲು. ಪಿಸ್ತೋ ಅನ್ನುವ ತರಕಾರಿ ಪಲ್ಯ ಮೊಟ್ಟೆ ಇಲ್ಲದೆ ಕೇಳಿ, ಟೊಮೆಟೊ ಉಜ್ಜಿದ ಬ್ರೆಡ್, ಹುರಿದ ಹಸಿಮೆಣಸು, ಗಸ್ಪಾಚೋ ಅನ್ನುವ ತಣ್ಣನೆ ಟೊಮೆಟೊ ಸೂಪ್ ಸಿಗುತ್ತವೆ. ಮಧ್ಯಾಹ್ನದ ಊಟ ಎರಡರಿಂದ ನಾಲ್ಕರವರೆಗೆ. ಹನ್ನೆರಡಕ್ಕೆ ಹೋದರೆ ಅಡುಗೆಮನೆ ತೆರೆದಿರುವುದಿಲ್ಲ, ನಾಲ್ಕೂವರೆಗೆ ಹೋದರೆ ಮುಚ್ಚಿರುತ್ತದೆ. ಭಾನುವಾರ ಒಳನಾಡಿನಲ್ಲಿ ಹೆಚ್ಚಿನ ಸೂಪರ್‌ಮಾರ್ಕೆಟ್ ರಜೆ. ಶನಿವಾರವೇ ತರಕಾರಿ, ಹಾಲು ತುಂಬಿಸಿಕೊಳ್ಳಿ.

ಇನ್ನೊಂದು, ಅಮ್ಮನವರಿಗೆ ಇಷ್ಟ ಆಗುವುದು. ಪ್ಲಾಸೆನ್ಸಿಯಾ ಊರಿನ ಪೂರ್ವಕ್ಕೆ ಲಾ ವೇರಾ ಅನ್ನುವ ಸೀಮೆ ಇದೆ. ಅಮೆರಿಕದಿಂದ ಬಂದ ಮೆಣಸಿನಕಾಯಿ 16ನೇ ಶತಮಾನದಿಂದ ಅಲ್ಲಿ ಬೆಳೆಯುತ್ತಿದೆ. ಶರತ್ಕಾಲದಲ್ಲಿ ಮಳೆ ಹಿಡಿಯುವ ಜಾಗ, ಬಿಸಿಲಿಗೆ ಒಣಗುವುದಿಲ್ಲ. ಹಾಗಾಗಿ ಓಕ್ ಸೌದೆಯ ಹೊಗೆಯಲ್ಲಿ ಹತ್ತು ಹದಿನೈದು ದಿನ ಒಣಗಿಸಿ ಬೀಸುತ್ತಾರೆ. ಪುಟ್ಟ ತಗಡಿನ ಡಬ್ಬಿಯಲ್ಲಿ ಮಾರುತ್ತಾರೆ. ಬಣ್ಣ ನಮ್ಮ ಬ್ಯಾಡಗಿಯದ್ದೇ, ಖಾರ ಕಡಿಮೆ, ಮೇಲೆ ಹೊಗೆಯ ವಾಸನೆ. ಬದನೆಕಾಯಿ ಎಣ್ಣೆಗಾಯಿಗೆ ಒಂದು ಚಮಚ ಹಾಕಿ ನೋಡಲಿ. ‘ದುಲ್ಸೆ’ ಅಂದರೆ ಖಾರ ಇಲ್ಲದ್ದು, ‘ಪಿಕಾಂತೆ’ ಖಾರದ್ದು.

ಹಾಸನದ_ಚಾಲಕ:

ಎರಡು ದಿನದ ಪ್ಲಾನ್ ಚೆನ್ನಾಗಿದೆ, ಒಪ್ಪಿದೆ. ಆದರೆ ಸಣ್ಣ ಮಕ್ಕಳು, ಹಿರಿಯರು ಇಲ್ಲದವರಿಗೆ ನನ್ನ ಮಾತು ಅದೇ: ಒಂದು ದಿನ ಸಾಕು.

ರಸ್ತೆ ಬಗ್ಗೆ ಕೆಲವು ಮಾತು. ಇಂಗ್ಲೆಂಡಿನ ಗಾಡಿಗೆ ನಂಬರ್ ಪ್ಲೇಟಿನಲ್ಲಿ ‘ಯುಕೆ’ ಇದ್ದರೂ ಸ್ಪೇನಿನಲ್ಲಿ ಪ್ರತ್ಯೇಕವಾಗಿ ‘ಯುಕೆ’ ಸ್ಟಿಕ್ಕರ್ ಬೇಕೇ ಬೇಕು. ಹೆಡ್‌ಲೈಟಿನ ಬೆಳಕನ್ನು ಬಲಕ್ಕೆ ತಿರುಗಿಸುವ ಸ್ಟಿಕ್ಕರ್, ಮಿನುಗುವ ಜಾಕೆಟ್, ಗಾಡಿ ಕೆಟ್ಟಾಗ ಇಡುವ ತ್ರಿಕೋನ ಇವೆಯಾ ಅಂತ ಬಾಡಿಗೆ ಕೊಡುವವರನ್ನು ಕೇಳಿ. ಜಾಕೆಟ್ ಹಿಂದೆ ಡಿಕ್ಕಿಯಲ್ಲಿ ಬೇಡ, ಸೀಟಿನ ಹತ್ತಿರ ಇರಲಿ. ಡಬಲ್ ರಸ್ತೆ ಬಿಟ್ಟು ಇಳಿದರೆ ಮಿತಿ 90. ಊರೊಳಗೆ ಒಂದು ಕಡೆಗೆ ಒಂದೇ ಲೇನ್ ಇದ್ದರೆ 30. ಇದು 2021ರಿಂದ ಬಂದ ನಿಯಮ, ಕ್ಯಾಮೆರಾಗಳು ಇವೆ.

ಎಲ್ಲಾದರೂ ತಿರುವು ತಪ್ಪಿದರೆ ಗಾಬರಿ ಬೇಡ. ‘ಕಾಂಬಿಯೋ ದೆ ಸೆಂತೀದೋ’ ಅಂತ ಬೋರ್ಡ್ ಬರುತ್ತದೆ. ಅಲ್ಲಿ ಇಳಿದು ಸೇತುವೆ ಮೇಲೆ ಆಚೆ ಬದಿಗೆ ಹೋಗಿ ವಾಪಸ್ ಬರಬಹುದು. ಡೀಸೆಲ್ ಪಂಪಿನ ಮೇಲೆ ‘ಗಸೋಲಿಯೋ’ ಅಂತ ಇರುತ್ತದೆ, ಬಿ7 ಗುರುತು ನೋಡಿ ಹಾಕಿಸಿ. ಹೆದ್ದಾರಿಯ ಪಂಪಿಗಿಂತ ಊರಿನ ಸೂಪರ್‌ಮಾರ್ಕೆಟ್ ಪಂಪ್ ಅಗ್ಗ. ತಂಗುದಾಣದಲ್ಲಿ ರಾತ್ರಿ ಮಲಗಬೇಡಿ. ಕಳ್ಳರು ಅಂಥ ಗಾಡಿಗಳನ್ನೇ ಹುಡುಕುತ್ತಾರೆ.

ಶರಾವತಿ_ಹಿನ್ನೀರು:

ಎರಡನೇ ದಿನದ ದಾರಿ ಬಗ್ಗೆ ನಾನು ಬರೆಯಬೇಕು. ಸಲಮಾಂಕಾದಿಂದ ಎ-66 ಹಿಡಿದು ಬೇಹಾರ್ ಬೆಟ್ಟ ಇಳಿದ ಮೇಲೆ, ಪ್ಲಾಸೆನ್ಸಿಯಾಕ್ಕೆ ಮುಂಚೆ, ಬಲಕ್ಕೆ ಸಾರ್ಸಾ ದೆ ಗ್ರನಾದಿಯಾ ಕಡೆ ತಿರುಗಿ. ಅರ್ಧ ಗಂಟೆ ಒಳಗೆ ಹೋದರೆ ಗ್ರನಾದಿಯಾ ಅನ್ನುವ ಊರು. ಊರಿನ ಸುತ್ತ ಪೂರ್ತಿ ಕೋಟೆಗೋಡೆ. ಹೆಬ್ಬಾಗಿಲಲ್ಲೇ 15ನೇ ಶತಮಾನದ ಬುರುಜು. ಒಳಗೆ ಚೌಕ, ಬೀದಿ, ಇಗರ್ಜಿ, ಬಣ್ಣ ಬಳಿದ ಮನೆಗಳು. ಜನ ಮಾತ್ರ ಇಲ್ಲ.

ಅಲಗೋನ್ ನದಿಗೆ ಅಣೆಕಟ್ಟು ಕಟ್ಟಲು 1955ರಲ್ಲಿ ಆ ಊರನ್ನು ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಸರ್ವಾಧಿಕಾರಿ ಫ್ರಾಂಕೋ ಕಾಲ, ಎದುರು ಮಾತಾಡುವ ಹಾಗಿರಲಿಲ್ಲ. ಒಬ್ಬೊಬ್ಬರಾಗಿ ಬಿಟ್ಟರು. ಕೊನೆಯವರು ಹೋದದ್ದು 1964ರಲ್ಲಿ. ಹೊಲಗದ್ದೆ, ದಾರಿ ಎಲ್ಲಾ ಮುಳುಗಿತು. ಊರು ದಿಬ್ಬದ ಮೇಲಿತ್ತು, ಅದಕ್ಕೆ ನೀರು ಬರಲೇ ಇಲ್ಲ. ಮೂರು ಕಡೆ ನೀರು, ನಡುವೆ ಖಾಲಿ ಊರು. ಆ ಜಲಾಶಯಕ್ಕೆ ಒಬ್ಬ ಕವಿಯ ಹೆಸರಿಟ್ಟಿದ್ದಾರೆ: ಗಬ್ರಿಯೆಲ್ ಇ ಗಲಾನ್. ಆ ಸೀಮೆಯಲ್ಲೇ ಬದುಕಿ ಅಲ್ಲಿನ ರೈತರ ಆಡುಮಾತಿನಲ್ಲಿ ಬರೆದವನು.

ನಮ್ಮದು ಸಾಗರ ತಾಲೂಕು. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದೂ 1964ರಲ್ಲೇ. ನಮ್ಮ ಅಜ್ಜನ ಮನೆ, ಅಡಿಕೆ ತೋಟ, ದೇವರ ಬನ ಎಲ್ಲಾ ನೀರಿನ ಕೆಳಗಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಹಿರೇಭಾಸ್ಕರ ಅಣೆಕಟ್ಟು ಮೇಲೆ ಬರುತ್ತದಲ್ಲ, ಅದನ್ನು ನೋಡಲು ಜನ ಬರುತ್ತಾರೆ, ಫೋಟೋ ತೆಗೆಯುತ್ತಾರೆ. ನಮ್ಮ ಮನೆಯ ಹಿರಿಯರು ಮಾತ್ರ ಆ ಕಡೆ ಹೋಗುತ್ತಿರಲಿಲ್ಲ. ನಾನು ಗ್ರನಾದಿಯಾದ ಬುರುಜು ಹತ್ತಿ ನಿಂತಾಗ ಕೆಳಗೆ ಕಂಡ ನೀರು, ಆಚೆ ದಡ, ಅರ್ಧ ಮುಳುಗಿದ ರಸ್ತೆ ನನಗೆ ಹೊಸದಾಗಿರಲಿಲ್ಲ. ಬಹಳ ಹೊತ್ತು ಅಲ್ಲೇ ಇದ್ದೆ. ದೂರದ ದೇಶದಲ್ಲೂ ಅದೇ ವರ್ಷಗಳಲ್ಲಿ ಅದೇ ಕಾರಣಕ್ಕೆ ಮನೆ ಬಿಟ್ಟವರಿದ್ದಾರೆ ಅಂತ ಪುಸ್ತಕ ಓದಿ ತಿಳಿಯುವುದು ಬೇರೆ. ಅವರ ಅಡುಗೆಮನೆಯ ಹೊಸಿಲ ಮೇಲೆ ಕಾಲಿಡುವುದು ಬೇರೆ.

ಅಲ್ಲಿಯ ಜನ ಇನ್ನೂ ತಮ್ಮ ಊರನ್ನು ಬಿಟ್ಟುಕೊಟ್ಟಿಲ್ಲ. ಪ್ರತಿ ವರ್ಷ ಆಗಸ್ಟ್ 15ಕ್ಕೆ, ನವೆಂಬರ್ 1ಕ್ಕೆ ಹಳಬರು, ಅವರ ಮಕ್ಕಳು ಮೊಮ್ಮಕ್ಕಳು ಅಲ್ಲಿ ಸೇರುತ್ತಾರೆ. 1984ರಿಂದ ಒಂದು ಸರ್ಕಾರಿ ಯೋಜನೆಯಲ್ಲಿ ವಿದ್ಯಾರ್ಥಿಗಳು ಬಂದು ಉಳಿದು ಮನೆಗಳನ್ನು ದುರಸ್ತಿ ಮಾಡುತ್ತಿದ್ದಾರೆ. ಧಾರವಾಡದ ಸರ್, ಸಲಮಾಂಕಾ ಬಿಟ್ಟರೂ ಪರವಾಗಿಲ್ಲ, ಇದನ್ನು ಬಿಡಬೇಡಿ.

ಕುಂದಾಪ್ರದವಳು:

ಓದಿ ಮನಸ್ಸು ಭಾರವಾಯಿತು. ವಾರಾಹಿ ಯೋಜನೆಗೆ ಜಮೀನು ಕೊಟ್ಟವರು ನಮ್ಮ ನೆಂಟರಲ್ಲೂ ಇದ್ದಾರೆ. ಇಷ್ಟು ಬಿಡಿಸಿ ಬರೆದಿದ್ದಕ್ಕೆ ಧನ್ಯವಾದ.

ಧಾರವಾಡದವ:

ಅವ್ವನ ತವರು ನವಿಲುತೀರ್ಥದ ಹತ್ತಿರ. ಮಲಪ್ರಭಾ ಅಣೆಕಟ್ಟಿನ ಹಿನ್ನೀರಿಗೆ ಅವರ ಹಳೇ ಊರೂ ಹೋಗಿದೆ. ಶರಾವತಿಯವರು ಬರೆದದ್ದನ್ನು ಎರಡು ಸಲ ಓದಿಸಿದಳು. ಗ್ರನಾದಿಯಾಕ್ಕೆ ಹೋಗುವುದೇ. ಸಲಮಾಂಕಾವನ್ನೂ ಅದೇ ದಿನಕ್ಕೆ ಸೇರಿಸಲು ಆಗುತ್ತದಾ? ಕ್ಯಾಂಪರ್ ಒಳಗಿನ ರಸ್ತೆಯಲ್ಲಿ ಹಿಡಿಸುತ್ತದಾ?

ದಾರಿಹೋಕ:

ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಸಲಮಾಂಕಾ 1218ರಿಂದ ವಿಶ್ವವಿದ್ಯಾಲಯ ಇರುವ ಊರು. ಹೊಂಬಣ್ಣದ ಕಲ್ಲು ಸಂಜೆ ಬಿಸಿಲಿಗೆ ಹೊಳೆಯುವಾಗ ನೋಡಬೇಕು. ಒಂದು ಗಂಟೆ ಗಾಡಿ ನಿಲ್ಲಿಸಿ ಓಡಿ ಬರುವುದರಲ್ಲಿ ಅರ್ಥವಿಲ್ಲ. ಎತ್ತರದ ವ್ಯಾನಿಗೆ ಊರೊಳಗೆ ಪಾರ್ಕಿಂಗ್ ಕೂಡ ಕಷ್ಟ. ಎರಡು ದಾರಿ ಇವೆ. ಒಂದು, ತೊರ್ದೆಸಿಯಾಸ್‌ನಲ್ಲಿ ಎರಡು ರಾತ್ರಿ ಇದ್ದು ಮಧ್ಯದ ದಿನ ಬಸ್ಸಿನಲ್ಲೋ ವ್ಯಾನಿನಲ್ಲೋ ಸಲಮಾಂಕಾ ನೋಡಿ ಬರುವುದು, 85 ಕಿ.ಮೀ. ಅಷ್ಟೇ. ಇನ್ನೊಂದು, ಹಿಂದಿರುಗುವಾಗ ಸಲಮಾಂಕಾ ಪಕ್ಕದ ಸಾಂತಾ ಮಾರ್ತಾ ಕಡೆಯ ಕ್ಯಾಂಪ್‌ಸೈಟ್‌ನಲ್ಲಿ ಒಂದು ರಾತ್ರಿ. ಹಿರಿಯರಿಗೆ ಎರಡನೆಯದೇ ಸುಲಭ. ಅಲ್ಲಿಂದ ಊರಿಗೆ ಬಸ್ ಇದೆ.

ಹಾಗಾಗಿ ಎರಡನೇ ದಿನ ತೊರ್ದೆಸಿಯಾಸ್ ಬೆಳಿಗ್ಗೆ ಏಳಕ್ಕೆ ಬಿಡಿ. ಸಲಮಾಂಕಾ ಬಳಸಿಕೊಂಡು ಎ-66. ಬೇಹಾರ್ ಹತ್ತಿರ ಹೆದ್ದಾರಿ ಬಿಟ್ಟು ಹಳೆಯ ಎನ್-630ಕ್ಕೆ ಇಳಿಯಿರಿ. ಹೊಸ ರಸ್ತೆಯ ಪಕ್ಕದಲ್ಲೇ ಹೋಗುತ್ತದೆ, ಗಾಡಿಗಳಿಲ್ಲ, ಬಾನ್ಯೋಸ್ ದೆ ಮೊಂತೆಮಯೋರ್ ಊರಿನೊಳಗೇ ಹಾಯುತ್ತದೆ. ರೋಮನ್ನರು ಮೆರಿದಾದಿಂದ ಅಸ್ತೋರ್ಗಾಕ್ಕೆ ಹಾಕಿದ ದಾರಿ ಹೋಗಿದ್ದು ಇದೇ ಕಣಿವೆಯಲ್ಲಿ. ಊರು ಮುಗಿದು ಇಳಿಯುತ್ತಿದ್ದ ಹಾಗೆ ಚೆಸ್ಟ್‌ನಟ್ ಮರ ಹೋಗಿ ಹೋಮ್ ಓಕ್ ಮರಗಳ ದೆಹೇಸಾ ಬರುತ್ತದೆ: ದೂರ ದೂರ ನಿಂತ ಮರ, ಕೆಳಗೆ ಒಣಹುಲ್ಲು, ಮೇಯುವ ದನ, ಹಂದಿ. ಕಿಟಕಿ ಇಳಿಸಿದರೆ ಗಾಳಿಯೇ ಬೇರೆಯಾಗಿರುತ್ತದೆ.

ಹತ್ತರ ಹೊತ್ತಿಗೆ ಗ್ರನಾದಿಯಾದಲ್ಲಿ ಇರಿ. ವಾಪಸ್ ಬಂದು ಸಮಯ ಇದ್ದರೆ ಕಾಪರಾದಲ್ಲಿ ನಿಲ್ಲಿ. ಹೆದ್ದಾರಿಯಿಂದ ಸ್ವಲ್ಪವೇ ಒಳಗೆ, ನಾಲ್ಕು ಕಡೆಯೂ ತೆರೆದ ರೋಮನ್ ಕಮಾನು ಹೊಲದ ಮಧ್ಯೆ ನಿಂತಿದೆ. ಆ ರೋಮನ್ ದಾರಿಯೇ ಅದರ ಕೆಳಗೆ ಹಾಯುತ್ತದೆ. ಹತ್ತು ನಿಮಿಷದ ನಡಿಗೆ, ಅಪ್ಪನವರ ಮಂಡಿಗೆ ತೊಂದರೆ ಇಲ್ಲ. ಆಮೇಲೆ ಎಲ್ಲೂ ನಿಲ್ಲದೆ ತಾಹೋ ನದಿ ದಾಟಿ ಕಾಸೆರೆಸ್. ಮೂರರೊಳಗೆ ಕ್ಯಾಂಪ್‌ಸೈಟ್ ಬಾಗಿಲಲ್ಲಿ ಇರಿ ಅನ್ನುತ್ತಿದ್ದೆ. ಆದರೆ ಕೆಲವು ಕಡೆ ಮಧ್ಯಾಹ್ನ ಗೇಟು ಹಾಕಿ ಆಫೀಸಿನವರು ಊಟಕ್ಕೆ ಹೋಗುತ್ತಾರೆ. ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಎಲ್ಲರ ಪಾಸ್‌ಪೋರ್ಟ್ ಕೈಯಲ್ಲಿರಲಿ. 2024ರ ಡಿಸೆಂಬರ್‌ನಿಂದ ತಂಗುವವರ ವಿವರ ಬರೆದುಕೊಳ್ಳುವ ನಿಯಮ ಬಿಗಿಯಾಗಿದೆ, ಐದು ಜನ ಅಂದರೆ ಹೊತ್ತು ಹಿಡಿಯುತ್ತದೆ.

ಶರಾವತಿ_ಹಿನ್ನೀರು:

ಗ್ರನಾದಿಯಾ ರಸ್ತೆ ಕಿರಿದು, ಅಂಕುಡೊಂಕು, ಆದರೆ ಟಾರು ಇದೆ. ಕ್ಯಾಂಪರ್‌ಗಳು ಬರುತ್ತವೆ. ಊರ ಹೊರಗೆ ನಿಲ್ಲಿಸಿ ಒಳಗೆ ನಡೆಯಬೇಕು. ಪ್ರವೇಶಕ್ಕೆ ದುಡ್ಡಿಲ್ಲ. ಬಾಗಿಲು ತೆಗೆಯುವ ಸಮಯ ಬೇಸಿಗೆಗೆ ಒಂದು, ಚಳಿಗಾಲಕ್ಕೆ ಒಂದು. ಮಧ್ಯಾಹ್ನ ಮುಚ್ಚುತ್ತಾರೆ, ಸೋಮವಾರ ಬೇಡ. ಒಳಗೆ ಅಂಗಡಿ, ಹೋಟೆಲ್ ಏನೂ ಇಲ್ಲ. ನೀರು, ಬುತ್ತಿ ಸಾರ್ಸಾದಲ್ಲೇ ಸಿದ್ಧ ಮಾಡಿಕೊಳ್ಳಿ. ಬುರುಜಿನ ಮೆಟ್ಟಿಲು ಕಡಿದಾಗಿದೆ, ಅಪ್ಪನವರು ಕೆಳಗೆ ಚೌಕದ ನೆರಳಲ್ಲಿ ಕೂರಲಿ. ಅವ್ವನವರಿಗೆ ಹತ್ತಲು ಆದರೆ ಹತ್ತಲಿ, ಕೈ ಹಿಡಿದುಕೊಳ್ಳಿ.